ಹುಳಕ್ಕ ಎಣ್ಣಿ ರೂಢಿ ಆಗೇತಿ

2023ರ ಮಳೆಗಾಲದಲ್ಲಿ ಕುಂದಗೋಳ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಚರ್ಚಾಸ್ಪರ್ಧೆ ಇತ್ತು. ವರದಿ ಮಾಡಲು ಹೋದ ನಮ್ಮನ್ನೇ ಹಿಡಿದು ನಿರ್ಣಾಯಕರ ಕುರ್ಚಿಯಲ್ಲಿ ಕೂಡಿಸಿದರು. ಹಳ್ಳಿ ಶಾಲೆಗಳಲ್ಲಿ ಪತ್ರಕರ್ತರಿಗೆ ಇಂಥ ಬಡ್ತಿ ಆಗಾಗ ಸಿಗುತ್ತದೆ. ಬೋರ್ಡಿನ ಮೇಲೆ ವಿಷಯ ಬರೆದಿತ್ತು: ‘ವಿಕಾಸವಾದ ಸಾಬೀತಾದ ಸತ್ಯವೋ, ಬರೀ ಸಿದ್ಧಾಂತವೋ?’

ಪರವಾಗಿ ಮಾತನಾಡಿದ ಹುಡುಗಿ ಜಿರಾಫೆಯ ಕುತ್ತಿಗೆ, ಡಾರ್ವಿನ್ ಹತ್ತಿದ ಹಡಗು, ಗಲಾಪಗೋಸ್ ನಡುಗಡ್ಡೆಯ ಹಕ್ಕಿ ಎಂದು ಬಾಯಿಪಾಠ ಒಪ್ಪಿಸಿದಳು. ವಿರುದ್ಧ ನಿಂತ ಹುಡುಗ ಒಂದೇ ಮಾತಿನಲ್ಲಿ ಚಪ್ಪಾಳೆ ಗಿಟ್ಟಿಸಿದ. ‘ಮಂಗ್ಯಾ ಮನಷ್ಯಾ ಆಗೂದನ್ನ ನಿಮ್ಮ ಮುತ್ಯಾ ನೋಡ್ಯಾನೇನು? ನಮ್ಮ ಮುತ್ಯಾ ಅಂತೂ ನೋಡಿಲ್ಲ!’ ಬಹುಮಾನ ಅವನಿಗೇ ಹೋಯಿತು. ಕೊಟ್ಟವರಲ್ಲಿ ನಾವೂ ಒಬ್ಬರು. ಅವನ ಮಾತು ಚುರುಕಾಗಿತ್ತು, ಅವಳದು ನಮಗೇ ದೂರದ್ದೆನಿಸಿತ್ತು.

ಸ್ಪರ್ಧೆ ನಡೆದ ಕೋಣೆಯ ಕಿಟಕಿಯಾಚೆ ಹತ್ತಿ ಹೊಲವಿತ್ತು. ಮೊಳಕಾಲುದ್ದದ ಬಿಟಿ ಹತ್ತಿ. ಕಾರ್ಯಕ್ರಮ ಮುಗಿಸಿ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಿದ್ದಾಗ ಪಕ್ಕದಲ್ಲಿ ಕುಳಿತ ರೈತರೊಬ್ಬರು ಮತ್ತೊಬ್ಬರಿಗೆ ಹೇಳುತ್ತಿದ್ದರು: ‘ಎಷ್ಟ್ ಹೊಡದ್ರೂ ಅಷ್ಟ ನೋಡಪಾ. ಹುಳಕ್ಕ ಎಣ್ಣಿ ರೂಢಿ ಆಗೇತಿ.’ ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣಿ ಅಂತಲೇ ಅನ್ನುವುದು. ಈ ಮಾತನ್ನು ನಾವು ಹುಟ್ಟಿದಾಗಿನಿಂದ ಕೇಳಿದ್ದೇವೆ, ನಮ್ಮ ವರದಿಗಳಲ್ಲೂ ಬರೆದಿದ್ದೇವೆ. ಅವತ್ತು ಮಾತ್ರ ಅದು ಕಿವಿಯಲ್ಲಿ ಕುಳಿತುಬಿಟ್ಟಿತು. ಆ ಹುಡುಗ ಕೇಳಿದ ಪ್ರಶ್ನೆಗೆ ಉತ್ತರ ಆ ಹೊಲದಲ್ಲೇ ಇತ್ತಲ್ಲ ಎಂದು ಹೊಳೆದದ್ದು ಮನೆ ಮುಟ್ಟಿದ ಮೇಲೆ. ಈ ಬರಹ ಆ ತಪ್ಪು ತೀರ್ಪಿನ ಬಾಕಿ.

ಮೊದಲು ಶಬ್ದದ ವಿಚಾರ. ಕನ್ನಡದಲ್ಲಿ ನಾವು ‘ವಿಕಾಸವಾದ’ ಎನ್ನುತ್ತೇವೆ. ವಾದ ಎಂದರೆ ನಮ್ಮ ಕಿವಿಗೆ ಕೋರ್ಟಿನಲ್ಲಿ ವಕೀಲರು ಮಾಡುವಂಥದ್ದು, ಕಟ್ಟೆಯ ಮೇಲೆ ಕೂತು ಬೆಳೆಸುವಂಥದ್ದು. ಪ್ರತಿವಾದಿ ಇಲ್ಲದ ವಾದ ಇಲ್ಲ. ಹೀಗಾಗಿ ಹೆಸರಿನಲ್ಲೇ ಅರ್ಧ ಸಂಶಯ ಬೆರೆತುಬಿಟ್ಟಿದೆ. ‘ಸಿದ್ಧಾಂತ’ ಎಂದರೂ ಊರಲ್ಲಿ ಕೇಳುವುದು ಪಕ್ಷದ ಸಿದ್ಧಾಂತ, ಮಠದ ಸಿದ್ಧಾಂತ, ನಂಬುವವರಿಗೆ ಬಿಟ್ಟದ್ದು. ವಿಜ್ಞಾನದವರು ಆ ಪದವನ್ನು ಬೇರೆ ಅರ್ಥದಲ್ಲಿ ಬಳಸುತ್ತಾರೆ. ನೂರಾರು ಸಂಗತಿಗಳನ್ನು ಒಂದೇ ದಾರಕ್ಕೆ ಪೋಣಿಸುವ, ಇನ್ನೂ ಕಾಣದ ಸಂಗತಿಯನ್ನು ಮುಂಚೆಯೇ ಹೇಳಬಲ್ಲ, ಹೇಳಿದ್ದು ಸುಳ್ಳಾದರೆ ಬೀಳಲು ತಯಾರಿರುವ ವಿವರಣೆಗೆ ಅವರಲ್ಲಿ ಸಿದ್ಧಾಂತವೆಂದು ಹೆಸರು. ಮೇಲಿನಿಂದ ಬಿಟ್ಟ ಕಲ್ಲು ಕೆಳಗೆ ಬೀಳುವುದು ಸಂಗತಿ. ಯಾಕೆ, ಎಷ್ಟು ವೇಗದಲ್ಲಿ ಎಂದು ಹೇಳುವುದು ಸಿದ್ಧಾಂತ. ಸಿದ್ಧಾಂತ ನಾಳೆ ತಿದ್ದುಪಡಿಯಾದರೂ ಕಲ್ಲು ಬೀಳುವುದನ್ನು ಬಿಡುವುದಿಲ್ಲ.

ಆ ಹುಡುಗನ ಪ್ರಶ್ನೆಯೂ ಅವನದೇ ಅಲ್ಲ. 2018ರ ಜನವರಿಯಲ್ಲಿ ಕೇಂದ್ರ ಮಾನವ ಸಂಪನ್ಮೂಲ ಖಾತೆಯ ರಾಜ್ಯ ಸಚಿವರಾಗಿದ್ದ ಸತ್ಯಪಾಲ್ ಸಿಂಗ್ ಔರಂಗಾಬಾದಿನಲ್ಲಿ ಇದನ್ನೇ ಹೇಳಿದ್ದರು: ಮಂಗ ಮನುಷ್ಯನಾದದ್ದನ್ನು ಕಂಡವರಿಲ್ಲ, ಡಾರ್ವಿನ್ ಹೇಳಿದ್ದು ವೈಜ್ಞಾನಿಕವಾಗಿ ತಪ್ಪು, ಪಠ್ಯದಲ್ಲಿ ಬದಲಾಗಬೇಕು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಅದನ್ನು ಅಲ್ಲಗಳೆದವು. ಐದು ವರ್ಷದ ಮೇಲೆ ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ವಿಜ್ಞಾನ ಪುಸ್ತಕದಲ್ಲಿ ‘ಅನುವಂಶೀಯತೆ ಮತ್ತು ಜೀವವಿಕಾಸ’ ಎಂಬ ಪಾಠ ಬರೀ ‘ಅನುವಂಶೀಯತೆ’ ಆಗಿ ಉಳಿಯಿತು. ಕೋವಿಡ್ ಕಾಲದ ಪಠ್ಯದ ಹೊರೆ ಇಳಿಸುವುದು ಕೊಟ್ಟ ಕಾರಣ. 2023ರ ಏಪ್ರಿಲಿನಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಅದನ್ನು ವಿರೋಧಿಸಿ ಬಹಿರಂಗ ಪತ್ರ ಬರೆದರು. ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ಆ ಪಾಠ ಇದೆಯಲ್ಲ ಎಂಬ ಸಮಾಧಾನವೂ ಬಂತು. ನವಲಗುಂದ, ಅಣ್ಣಿಗೇರಿ ಕಡೆ ಹತ್ತನೇ ತರಗತಿ ಮುಗಿಸಿ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಳ್ಳುವ ಮಕ್ಕಳು ಎಷ್ಟು, ಅದರಲ್ಲಿ ಮುಂದೆ ಹೊಲ ಮಾಡುವವರು ಎಷ್ಟು ಎಂದು ಆ ಸಮಾಧಾನ ಹೇಳಿದವರು ಯೋಚಿಸಿದಂತೆ ಕಾಣಲಿಲ್ಲ. ಹೊಲಕ್ಕೆ ಬರುವ ಹುಡುಗರಿಗೆ ವಿಜ್ಞಾನದ ಕೊನೆಯ ಪುಸ್ತಕ ಹತ್ತನೆಯದೇ.

ಈಗ ಹತ್ತಿಗೆ ಬರೋಣ. ಧಾರವಾಡ ಜಿಲ್ಲೆಗೂ ಹತ್ತಿಗೂ ಇರುವ ನಂಟು ಎಲ್ಲರಿಗೂ ಗೊತ್ತು. ಅದಕ್ಕೂ ಜೀವವಿಕಾಸಕ್ಕೂ ಇರುವ ನಂಟನ್ನು ಯಾರೂ ಶಾಲೆಯಲ್ಲಿ ಹೇಳಲಿಲ್ಲ.

ನಮ್ಮ ಯರಿ ಭೂಮಿಯ ಹಳೆಯ ಹತ್ತಿಗೆ ವ್ಯಾಪಾರಿಗಳು ಕುಮಟಾ ಹತ್ತಿ ಎನ್ನುತ್ತಿದ್ದರು. ಬೆಳೆದದ್ದು ಇಲ್ಲಿ, ಘಟ್ಟ ಇಳಿದು ಹಡಗು ಹತ್ತಿದ್ದು ಕುಮಟಾ ಬಂದರಿನಲ್ಲಿ. ಹೆಸರು ಬಂದರಿಗೆ ಹೋಯಿತು. ಎಳೆ ಗಿಡ್ಡ. ಮ್ಯಾಂಚೆಸ್ಟರಿನ ಗಿರಣಿಗಳಿಗೆ ಉದ್ದ ಎಳೆ ಬೇಕಿತ್ತು. ಅದಕ್ಕೆ 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಹತ್ತಿ ಬೆಳೆಯುವವರನ್ನೇ ಸಂಬಳ ಕೊಟ್ಟು ಕರೆಸಿತು. ಹುಬ್ಬಳ್ಳಿಯಿಂದ ನವಲಗುಂದಕ್ಕೆ ಹೋಗುವ ಹಾದಿಯ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲ ಮಾಡಿದರು. ಇಂದು ಆ ದಾರಿಯಲ್ಲಿ ಬೈಕ್ ಓಡಿಸುವಾಗ ಅಂಥ ಒಂದು ಗುರುತೂ ಕಣ್ಣಿಗೆ ಬೀಳುವುದಿಲ್ಲ. ನ್ಯೂ ಆರ್ಲಿಯನ್ಸಿನ ಬೀಜ ಬಂತು. ಬೇರೆ ಬೇರೆ ಜಿಲ್ಲೆಗಳಲ್ಲಿ ಈ ಪ್ರಯೋಗ ಸೋತಿತು, ಧಾರವಾಡದಲ್ಲಿ ಮಾತ್ರ ಬೇರು ಬಿಟ್ಟಿತು. ವರ್ಷಗಳುರುಳಿದಂತೆ ಅದು ‘ಧಾರವಾಡ-ಅಮೆರಿಕನ್’ ಎಂಬ ಹೆಸರಿನಲ್ಲಿ ಬೇರೆಯೇ ಹತ್ತಿಯಾಗಿ ಮಾರುಕಟ್ಟೆಯಲ್ಲಿ ನಿಂತಿತು. 1860ರ ದಶಕದಲ್ಲಿ ಅಮೆರಿಕದ ಒಳಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಇದಕ್ಕೆ ಬಂಗಾರದ ಬೆಲೆ. ಬೆಲೆ ಬಂದ ಕೂಡಲೇ ಕುಮಟಾ ಹತ್ತಿಯನ್ನು ಇದರೊಳಗೆ ಸೇರಿಸಿ ಮಾರುವುದೂ ಶುರುವಾಯಿತು. ಹತ್ತಿಯ ಮೋಸ ತಡೆಯಲೆಂದೇ ಮುಂಬಯಿ ಸರ್ಕಾರ 1863ರಲ್ಲಿ ಒಂದು ಕಾಯ್ದೆ ತರಬೇಕಾಯಿತು.

ಇದೇ ಯೋಜನೆಯಡಿ ಗುಜರಾತಿನ ಭರೂಚಿನಲ್ಲೂ ಸರ್ಕಾರಿ ಹತ್ತಿ ತೋಟಗಳಿದ್ದವು. 1842ರಲ್ಲಿ ಅಲ್ಲಿ ಕಾಯಿಯೊಳಗೆ ಹೊಕ್ಕು ಬೀಜ ತಿನ್ನುವ ಒಂದು ಸಣ್ಣ ಹುಳ ಅಮೆರಿಕನ್ ಹತ್ತಿಯನ್ನು ಕೆಡಿಸಿತು. ಮಾದರಿಗಳು ಇಂಗ್ಲೆಂಡಿಗೆ ಹೋದವು. 1843ರಲ್ಲಿ ಸಾಂಡರ್ಸ್ ಎಂಬ ಕೀಟತಜ್ಞ ಅದಕ್ಕೆ ವೈಜ್ಞಾನಿಕ ಹೆಸರಿಟ್ಟ. ಅದೇ ನಮ್ಮ ಗುಲಾಬಿ ಕಾಯಿಕೊರಕ. ಡಾರ್ವಿನ್ನನ ಪುಸ್ತಕ ಹೊರಬರಲು ಇನ್ನೂ ಹದಿನಾರು ವರ್ಷವಿತ್ತು.

1859ರ ನವೆಂಬರ್ 24ರಂದು ಬಂದ ಆ ಪುಸ್ತಕದ ಮೊದಲ ಅಧ್ಯಾಯದಲ್ಲಿ ಮಂಗನಿಲ್ಲ. ಅಲ್ಲಿರುವುದು ಸಾಕಿದ ಪಾರಿವಾಳ, ದನ, ಕುರಿ, ತೋಟದ ಗಿಡ. ರೈತರು, ಪಾರಿವಾಳ ಸಾಕುವವರು ತಮಗೆ ಬೇಕಾದ ಗುಣದ ಮರಿಯನ್ನು ಉಳಿಸಿಕೊಂಡು ಬೇಡದ್ದನ್ನು ಬಿಟ್ಟು, ತಲೆಮಾರು ತಲೆಮಾರು ಹೀಗೆ ಆರಿಸಿ ಹೊಸ ತಳಿ ಮಾಡುತ್ತಾರೆ. ಮನುಷ್ಯ ಮಾಡುವ ಈ ಆಯ್ಕೆಯನ್ನು ಬರ, ರೋಗ, ಹಸಿವು, ಬೇಟೆಗಾರ ಪ್ರಾಣಿ ಮಾಡಿದರೆ ಏನಾಗುತ್ತದೆ ಎಂಬುದು ಅವನ ಪ್ರಶ್ನೆ. ಬೀಜಕ್ಕೆಂದು ಒಳ್ಳೆಯ ತೆನೆ ಎತ್ತಿಡುವ ನಮ್ಮ ಅಜ್ಜಿಯರಿಗೆ ಆ ಮೊದಲ ಅಧ್ಯಾಯ ಓದಿ ಹೇಳಿದ್ದರೆ ‘ಇದರಾಗೇನೈತಿ ಹೊಸಾದು?’ ಎನ್ನುತ್ತಿದ್ದರು.

ಧಾರವಾಡದ ಕೃಷಿ ಸಂಶೋಧಕರು ಇಪ್ಪತ್ತನೇ ಶತಮಾನದುದ್ದಕ್ಕೂ ಮಾಡಿದ್ದು ಇದನ್ನೇ. ಕುಮಟಾ ಹತ್ತಿಯಲ್ಲಿ ಸೊರಗು ರೋಗ ಬಿದ್ದಾಗ ರೋಗ ತಡೆಯುವ ಗಿಡಗಳನ್ನು ಆರಿಸುತ್ತ ಹೋಗಿ, ಸಂಕರ ಮಾಡಿ ಕೊನೆಗೆ ಜಯಧರ ಬಂತು. ಮಳೆ ನೆಚ್ಚಿದ ಯರಿ ಹೊಲದಲ್ಲಿ ಜಯಧರ ಹಾಕುತ್ತಿದ್ದ ಹಿರಿಯರು ಇನ್ನೂ ಅದರ ಗುಣ ಹಾಡುತ್ತಾರೆ. ಆ ಕಡೆ ಧಾರವಾಡ-ಅಮೆರಿಕನ್‌ನಿಂದ ಆರಿಸಿದ್ದು ಗದಗ-1, ಅದರ ಸಂಕರದಿಂದ ಹುಟ್ಟಿದ್ದು ಲಕ್ಷ್ಮಿ, ಲಕ್ಷ್ಮಿಯನ್ನು ತಾಯಿಯಾಗಿಟ್ಟುಕೊಂಡು 1972ರಲ್ಲಿ ಡಾ. ಬಿ.ಎಚ್. ಕಟರ್ಕಿ ಧಾರವಾಡದಲ್ಲಿ ಕೊಟ್ಟದ್ದು ವರಲಕ್ಷ್ಮಿ. ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ವ್ಯಾಪಾರಕ್ಕೆ ಬಿಟ್ಟ ಮೊದಲ ಹೈಬ್ರಿಡ್ ಅದು. ವರಲಕ್ಷ್ಮಿಯಿಂದ ಮನೆ ಕಟ್ಟಿದವರು ನಮ್ಮ ಊರುಗಳಲ್ಲಿದ್ದಾರೆ. ಅದಕ್ಕೆ ಎಣ್ಣಿ ಹೊಡೆದು ಹೊಡೆದು ಸಾಲ ಮಾಡಿದವರೂ ಇದ್ದಾರೆ.

ಎಣ್ಣಿ ರೂಢಿಯಾಗುವ ಕತೆಯೂ ಹೊಸದಲ್ಲ. ಕೀಟಗಳು ಸಿಂಪರಣೆಯನ್ನು ತಡೆದುಕೊಳ್ಳಬಲ್ಲವೇ ಎಂದು ಮೆಲಾಂಡರ್ ಎಂಬ ಅಮೆರಿಕದ ವಿಜ್ಞಾನಿ ಪ್ರಬಂಧ ಬರೆದದ್ದು 1914ರಲ್ಲಿ. ನಮ್ಮ ದೇಶದಲ್ಲಿ ಸಿಂಥೆಟಿಕ್ ಪೈರೆಥ್ರಾಯ್ಡ್ ಎಣ್ಣಿಗಳು 1980ರ ಆಸುಪಾಸಿನಲ್ಲಿ ಬಂದವು. ದಶಕ ಮುಗಿಯುವುದರೊಳಗೆ ಆಂಧ್ರದ ಹತ್ತಿ ಸೀಮೆಯಲ್ಲಿ ಹಸಿರು ಕಾಯಿಕೊರಕ ಅವಕ್ಕೆ ಜಗ್ಗದಾಯಿತು. ಈ ಸಂಕಟದ ನಡುವೆ ಬಂದದ್ದು ಬಿಟಿ. ಮಣ್ಣಿನ ಒಂದು ಬ್ಯಾಕ್ಟೀರಿಯಾದ ವಂಶವಾಹಿಯನ್ನು ಹತ್ತಿಗೆ ಸೇರಿಸಿ, ಕಾಯಿಕೊರಕಕ್ಕೆ ವಿಷವಾಗುವ ಪ್ರೋಟೀನನ್ನು ಗಿಡವೇ ತಯಾರಿಸುವಂತೆ ಮಾಡಿದ್ದರು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತಸಂಘ 1998ರಲ್ಲಿ ರಾಯಚೂರು, ಬಳ್ಳಾರಿ ಕಡೆ ಅದರ ಪ್ರಯೋಗದ ಬೆಳೆ ಕಿತ್ತು ಸುಟ್ಟಿತು. 2002ರ ಮಾರ್ಚಿನಲ್ಲಿ ಸರ್ಕಾರ ಒಪ್ಪಿಗೆ ಕೊಟ್ಟಿತು. 2006ರಲ್ಲಿ ಎರಡು ವಿಷದ ಬೋಲ್‌ಗಾರ್ಡ್-2 ಬಂತು. ಹತ್ತು ಹನ್ನೆರಡು ವರ್ಷದಲ್ಲಿ ದೇಶದ ಹತ್ತಿ ಹೊಲದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಬಿಟಿ. ಮೊದಮೊದಲು ಎಣ್ಣಿ ಹೊಡೆಯುವುದು ನಿಜಕ್ಕೂ ಇಳಿಯಿತು. ಅದನ್ನು ಅಲ್ಲಗಳೆಯಬೇಕಾಗಿಲ್ಲ.

ಆ ಪಾಕೀಟು ನೆನಪಿದೆಯೇ? 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಮಿನ ಇನ್ನೊಂದು ಸಣ್ಣ ಪಾಕೀಟು ಬರುತ್ತಿತ್ತು. ಅದರಲ್ಲಿ ಬಿಟಿ ಅಲ್ಲದ ಬೀಜ. ಹೊಲದ ಸುತ್ತ ಐದು ಸಾಲು, ಇಲ್ಲವೇ ಹೊಲದ ಶೇ 20ರಷ್ಟು ಜಾಗದಲ್ಲಿ, ಯಾವುದು ಹೆಚ್ಚೋ ಅಷ್ಟು ಬಿತ್ತಬೇಕು ಎಂಬುದು ನಿಯಮ. ನಮ್ಮ ಕಡೆ ಅದು ಹೊಲದ ಬದುವಿನ ಮೇಲೆ, ದನದ ಕೊಟ್ಟಿಗೆಯ ಮಾಡಿನಲ್ಲಿ ಸಿಕ್ಕಿಸಿದ್ದನ್ನು ನೋಡಿದ್ದೇವೆ. ಯಾಕೆ ಬಿತ್ತಲಿಲ್ಲ ಎಂದರೆ ‘ಹುಳಾ ತಿನ್ನಲಿ ಅಂತ ಯಾರರ ಬಿತ್ತತಾರೇನ್ರಿ?’ ಎನ್ನುತ್ತಿದ್ದರು. ನ್ಯಾಯವಾದ ಪ್ರಶ್ನೆ. ಐದು ಸಾಲಿನ ನಷ್ಟ ತುಂಬಿಕೊಡುವವರು ಯಾರೂ ಇರಲಿಲ್ಲ, ಆ ಸಾಲು ಯಾಕೆ ಎಂದು ಕೂತು ತಿಳಿಸಿದವರೂ ಕಡಿಮೆ.

ಹುಳ ತಿನ್ನಲಿ ಎಂದೇ ಆ ಸಾಲು. ಅದರ ಹಿಂದಿನ ಲೆಕ್ಕ ಹೀಗಿದೆ. ಬಿಟಿ ವಿಷ ಹುಳದ ಕರುಳಿನಲ್ಲಿ ಒಂದು ಪ್ರೋಟೀನಿಗೆ ಹೋಗಿ ಅಂಟಬೇಕು, ಕೀಲಿಕೈ ಬೀಗಕ್ಕೆ ಕೂತಂತೆ. ಲಕ್ಷಾಂತರ ಹುಳಗಳಲ್ಲಿ ಎಲ್ಲೋ ಒಂದೆರಡಕ್ಕೆ ಹುಟ್ಟಾ ಬೀಗವೇ ವಕ್ರ. ತಂದೆಯಿಂದ ಒಂದು, ತಾಯಿಯಿಂದ ಒಂದು ಎಂದು ಪ್ರತಿ ಹುಳಕ್ಕೂ ಆ ವಂಶವಾಹಿಯ ಎರಡು ಪ್ರತಿ ಇರುತ್ತವೆ. ಎರಡೂ ವಕ್ರವಾಗಿದ್ದರೆ ಬದುಕುತ್ತದೆ, ಒಂದು ನೆಟ್ಟಗಿದ್ದರೂ ಸಾಯುತ್ತದೆ. ಊರಿಗೆ ಊರೇ ಬಿಟಿ ಬಿತ್ತಿದರೆ ಉಳಿಯುವವು ಆ ವಕ್ರ ಬೀಗದವು ಮಾತ್ರ. ಅವಕ್ಕೆ ಜೋಡಿ ಸಿಗುವುದೂ ಅಂಥವೇ. ಮರಿಗಳೆಲ್ಲ ವಕ್ರ ಬೀಗದವು. ಪಕ್ಕದ ಐದು ಸಾಲಿನಲ್ಲಿ ಸಾಮಾನ್ಯ ಹುಳಗಳು ಸಾವಿರಗಟ್ಟಲೆ ಬೆಳೆದಿದ್ದರೆ, ಬದುಕಿದ ಆ ಒಂದೆರಡು ಪತಂಗಗಳು ಅವುಗಳ ಜೊತೆ ಕೂಡುತ್ತವೆ. ಮರಿಗೆ ಒಂದು ನೆಟ್ಟಗಿನ ಪ್ರತಿ ಬರುತ್ತದೆ, ಬಿಟಿ ಕಾಯಿ ತಿಂದರೆ ಸಾಯುತ್ತದೆ. 120 ಗ್ರಾಮಿನ ಆ ಪಾಕೀಟು ಜೀವವಿಕಾಸ ಸಿದ್ಧಾಂತದ ಭವಿಷ್ಯವಾಣಿ. ಹುಳ ಇನ್ನೂ ಬದಲಾಗುವ ಮೊದಲೇ, ಇದನ್ನು ಬಿತ್ತದಿದ್ದರೆ ಹುಳ ಬದಲಾಗುತ್ತದೆ ಎಂದು ಲೆಕ್ಕ ಹಾಕಿ ಹೇಳಿದ್ದು.

ಹಾಗೇ ಆಯಿತು. ಗುಜರಾತಿನ ಗುಲಾಬಿ ಕಾಯಿಕೊರಕ ಮೊದಲ ಬಿಟಿ ವಿಷಕ್ಕೆ ಜಗ್ಗುತ್ತಿಲ್ಲ ಎಂದು ಬೀಜದ ಕಂಪನಿಯೇ 2010ರಲ್ಲಿ ಒಪ್ಪಿಕೊಂಡಿತು. ಅದೇ ದಶಕದ ನಡುವಿನ ಹೊತ್ತಿಗೆ ಬೋಲ್‌ಗಾರ್ಡ್-2 ಕೂಡ ಗುಜರಾತ್, ಮಹಾರಾಷ್ಟ್ರ, ತೆಲಂಗಾಣದಲ್ಲಿ, ನಮ್ಮ ಕರ್ನಾಟಕದಲ್ಲಿ ಸೋತಿತು. 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಭಾರತದ ಈ ಹುಳಗಳ ವಂಶವಾಹಿಯನ್ನೇ ಓದಿದರು: ಆ ‘ಬೀಗ’ ಒಂದೆರಡಲ್ಲ, ಎಂಟು ಬೇರೆ ಬೇರೆ ರೀತಿಯಲ್ಲಿ ಮುರಿದಿತ್ತು. ಅಮೆರಿಕದ ಅರಿಝೋನಾದಲ್ಲಿ ಬಿಟಿ ಬಂದದ್ದು ನಮಗಿಂತ ಆರು ವರ್ಷ ಮೊದಲು, 1996ರಲ್ಲಿ. ಅಲ್ಲಿ ರೈತರು ಬಿಟಿ ಅಲ್ಲದ ಸಾಲು ಬಿಟ್ಟರು. ಆಮೇಲೆ ಸಂತಾನಶಕ್ತಿ ತೆಗೆದ ಪತಂಗಗಳನ್ನು ವಿಮಾನದಿಂದ ಬಿಟ್ಟು ಹುಳದ ಬೆನ್ನು ಮುರಿದರು. 2018ರ ಅಕ್ಟೋಬರಿನಲ್ಲಿ ಅಮೆರಿಕ ತನ್ನ ಹತ್ತಿ ಸೀಮೆಯಿಂದ ಗುಲಾಬಿ ಕಾಯಿಕೊರಕ ನಿರ್ಮೂಲವಾಯಿತೆಂದು ಘೋಷಿಸಿತು. ಅದೇ ಹುಳ, ಅದೇ ವಿಷ.

ತಪ್ಪೆಲ್ಲ ಪಾಕೀಟು ಬಿತ್ತದ ರೈತನ ಮೇಲೆ ಹೊರಿಸುವುದು ಸರಿಯಲ್ಲ. ಇಲ್ಲಿ ಬಿಟಿಯನ್ನು ಹೈಬ್ರಿಡ್ ರೂಪದಲ್ಲೇ ಮಾರಿದರು. ಹೈಬ್ರಿಡ್ ಗಿಡದ ಕಾಯಿಯಲ್ಲಿ ಕೆಲವು ಬೀಜಕ್ಕೆ ವಿಷವಿರುತ್ತದೆ, ಕೆಲವಕ್ಕೆ ಇರುವುದಿಲ್ಲ. ಒಂದೇ ಕಾಯಿಯೊಳಗೆ ಒಂದು ತುತ್ತು ವಿಷ, ಒಂದು ತುತ್ತು ಊಟ. ಅರೆಬರೆ ತಡೆಯುವ ಹುಳಕ್ಕೆ ಅದಕ್ಕಿಂತ ಒಳ್ಳೆಯ ಗರಡಿಮನೆ ಬೇಕಿಲ್ಲ. ನೀರಾವರಿ ಇದ್ದಲ್ಲಿ ಇನ್ನೊಂದು ಸಲ ಬಿಡಿಸಿಕೊಳ್ಳೋಣ ಎಂದು ಬೇಸಿಗೆಯವರೆಗೂ ಗಿಡ ನಿಲ್ಲಿಸಿದ್ದರಿಂದ ಹುಳಕ್ಕೆ ಇನ್ನಷ್ಟು ತಲೆಮಾರು ಸಿಕ್ಕವು.

ಹಸಿರು ಕಾಯಿಕೊರಕ ಯಾಕೆ ಇಷ್ಟು ವ್ಯಾಪಕವಾಗಿ ಬಿಟಿ ಮೀರಲಿಲ್ಲ ಎಂಬುದಕ್ಕೆ ಉತ್ತರ ಅಣ್ಣಿಗೇರಿಯಲ್ಲಿದೆ. ಅಣ್ಣಿಗೇರಿ-1 ಎಂಬ ಕಡಲೆ ತಳಿ ದೇಶದ ಕಡಲೆ ಬೆಳೆಗಾರರಿಗೆಲ್ಲ ಗೊತ್ತು. ಹಸಿರು ಕಾಯಿಕೊರಕ ಕಡಲೆ ತಿನ್ನುತ್ತದೆ, ತೊಗರಿ ತಿನ್ನುತ್ತದೆ, ಮೆಣಸಿನಕಾಯಿ, ಗೋವಿನಜೋಳವನ್ನೂ ಬಿಡುವುದಿಲ್ಲ. ಅಲ್ಲೆಲ್ಲ ಬಿಟಿ ವಿಷ ಇಲ್ಲದ್ದರಿಂದ ಸಾಮಾನ್ಯ ಹುಳಗಳು ಉಳಿದು, ಹತ್ತಿಯಲ್ಲಿ ಬದುಕಿದ ಒಂದೆರಡರ ಜೊತೆ ಬೆರೆಯುತ್ತವೆ. ಯಾರೂ ಬಿತ್ತದ ‘120 ಗ್ರಾಂ’ ಅದಕ್ಕೆ ಕಡಲೆ ಹೊಲದಲ್ಲೇ ಸಿಕ್ಕಿತು. ಗುಲಾಬಿ ಹುಳಕ್ಕೆ ಹತ್ತಿ ಬಿಟ್ಟರೆ ಬೇರೆ ಊಟ ಹೆಚ್ಚುಕಡಿಮೆ ಇಲ್ಲ. ಒಂದೇ ಹೊಲ, ಒಂದೇ ವಿಷ, ಎರಡು ಹುಳ, ಎರಡು ಫಲ. ಸಿದ್ಧಾಂತ ಇಲ್ಲದೆ ಇದನ್ನು ವಿವರಿಸಿ ನೋಡಿ.

ಇಲ್ಲಿ ನಮ್ಮ ವೃತ್ತಿಯ ಬಗ್ಗೆ ಒಂದು ಮಾತು. ಕಾಯಿ ಒಡೆದರೆ ಒಳಗೆಲ್ಲ ಹುಳವೆಂದು ರೈತರು ಗಿಡ ಕಿತ್ತು ತಂದು ಕಚೇರಿಯ ಮುಂದೆ ಸುರಿದ ವರ್ಷ ನಾವು ‘ಕಳಪೆ ಬೀಜ: ರೈತರ ಆಕ್ರೋಶ’ ಎಂದು ಬರೆದೆವು. ಕಳಪೆ ಬೀಜವೂ ಬರುತ್ತದೆ, ಅದು ಬೇರೆ ಸುದ್ದಿ. ಆದರೆ ಆ ವರ್ಷ ಬದಲಾದದ್ದು ಬೀಜಕ್ಕಿಂತ ಹೆಚ್ಚಾಗಿ ಹುಳ. ನಾವು ಬೀಜವನ್ನು ಬೈದೆವು, ರೈತ ಮರುವರ್ಷ ಬೇರೆ ಕಂಪನಿಯ ಅದೇ ವಿಷದ ಬೀಜ ತಂದ. ಇನ್ನೊಮ್ಮೆ ‘ಹುಳ ಔಷಧಕ್ಕೆ ಒಗ್ಗಿಕೊಂಡಿದೆ’ ಎಂದು ಬರೆದೆವು. ಕಟ್ಟೆಯ ಮಾತನ್ನೇ ಗ್ರಂಥಸ್ಥ ಕನ್ನಡಕ್ಕೆ ತಂದದ್ದು. ಅದೂ ತಪ್ಪೇ. ಯಾವ ಹುಳವೂ ಒಗ್ಗಿಕೊಳ್ಳಲಿಲ್ಲ. ಒಬ್ಬ ಮನುಷ್ಯ ದಿನಾ ಕುಡಿದು ರೂಢಿ ಮಾಡಿಕೊಂಡಂತೆ ಒಂದು ಹುಳ ದಿನಾ ವಿಷ ತಿಂದು ಗಟ್ಟಿಯಾಗಲಿಲ್ಲ. ತಿಂದವು ಸತ್ತವು. ಮೊದಲೇ ಬೇರೆಯಾಗಿದ್ದವು ಉಳಿದವು, ಅವುಗಳ ಸಂತಾನ ಹೊಲ ತುಂಬಿತು. ಒಗ್ಗಿಕೊಳ್ಳುವುದು ಡಾರ್ವಿನ್‌ಗಿಂತ ಮುಂಚಿನ ಫ್ರಾನ್ಸಿನ ಲಾಮಾರ್ಕ್ ಹೇಳಿದ ದಾರಿ. ಆ ಶಾಲೆಯ ಹುಡುಗಿ ಹೇಳಿದ ಜಿರಾಫೆಯೂ ಅವನದೇ ಜಿರಾಫೆ, ಎಟುಕಿಸಿ ಎಟುಕಿಸಿ ಕುತ್ತಿಗೆ ಬೆಳೆಸಿಕೊಂಡದ್ದು. ಈ ವ್ಯತ್ಯಾಸ ಪುಸ್ತಕದ ಜಗಳವಷ್ಟೇ ಎನಿಸಬಹುದು. ಒಗ್ಗಿಕೊಂಡಿದೆ ಎಂದು ನಂಬಿದ ರೈತ ಪ್ರಮಾಣ ಹೆಚ್ಚಿಸುತ್ತಾನೆ, ಎರಡು ಮುಚ್ಚಳ ಹಾಕುವಲ್ಲಿ ನಾಲ್ಕು ಹಾಕುತ್ತಾನೆ. ಉಳಿದವೇ ಬೇರೆ ಹುಳ ಎಂದು ತಿಳಿದವನು ಮೋಹಕ ಬಲೆ ಕಟ್ಟುತ್ತಾನೆ, ಗಿಡ ಬೇಗ ಕೀಳುತ್ತಾನೆ, ಮುಂದಿನ ವರ್ಷ ಆ ಹೊಲಕ್ಕೆ ಕಡಲೆಯನ್ನೋ ಜೋಳವನ್ನೋ ಹಾಕುತ್ತಾನೆ.

ಬಹುಮಾನ ಗೆದ್ದ ಹುಡುಗ ಇಷ್ಟು ಕೇಳಿದರೂ ಸುಮ್ಮನಿರುವವನಲ್ಲ. ‘ಹುಳಾ ಹುಳಾ ಆಗೇ ಉಳೀತಲ್ರಿ ಸರ, ಹಕ್ಕಿ ಆಗಲಿಲ್ಲಲ್ಲ?’ ಎಂದೇ ಕೇಳುತ್ತಾನೆ. ಕೇಳಬೇಕಾದ ಪ್ರಶ್ನೆಯೇ. ಇಪ್ಪತ್ತು ವರ್ಷದಲ್ಲಿ ಕಂಡ ಬದಲಾವಣೆ ಸಣ್ಣದು. ದೊಡ್ಡ ಬದಲಾವಣೆಗೆ ಸಾಕ್ಷಿ ಬೇಕು, ಸಮಯ ಬೇಕು.

ಸಾಕ್ಷಿಗೆ ಮತ್ತೆ ಹತ್ತಿಯೇ ಸಾಕು. ಜಯಧರದ ಜೀವಕೋಶದಲ್ಲಿ 26 ವರ್ಣತಂತುಗಳು, ಅಮೆರಿಕನ್ ಹತ್ತಿಯಲ್ಲಿ 52. ಅಕ್ಕಪಕ್ಕ ಬೆಳೆದರೂ ಇವೆರಡು ಸುಲಭಕ್ಕೆ ಕೂಡುವುದಿಲ್ಲ. ಹೀಗಾಗಿಯೇ 1863ರ ಮೋಸ ಹತ್ತಿ ಅಂಡಿಗೆಯೊಳಗಿನ ಮೋಸವಾಗಿತ್ತು, ಗಿಡದೊಳಗಿನದಲ್ಲ. ಕಟರ್ಕಿಯವರು ಕೂಡಿಸಿದ ಎರಡೂ ಜಾತಿ 52ರವು. ಅಮೆರಿಕನ್ ಹತ್ತಿಯ 52ರಲ್ಲಿ 26 ನಮ್ಮ ಹಳೆಯ ಪ್ರಪಂಚದ ಹತ್ತಿಯವುಗಳನ್ನೇ ಹೋಲುತ್ತವೆ, ಉಳಿದ 26 ಅಮೆರಿಕದ ಕಾಡುಹತ್ತಿಯವನ್ನು. ಹಾಗಾದರೆ ಇದು ಎರಡರ ಕೂಡಿಕೆಯಿಂದ ಹುಟ್ಟಿರಬೇಕು ಎಂದು ವಿಜ್ಞಾನಿಗಳು ಊಹಿಸಿದರು. ಊಹೆಯನ್ನು ಅಲ್ಲಿಗೇ ಬಿಡಲಿಲ್ಲ. 1940ರಲ್ಲಿ ಬೀಸ್ಲಿ ಎಂಬ ವಿಜ್ಞಾನಿ ಏಷ್ಯಾದ ಹತ್ತಿಯನ್ನು ಅಮೆರಿಕದ ಕಾಡುಹತ್ತಿಯ ಜೊತೆ ಸಂಕರ ಮಾಡಿ, ವರ್ಣತಂತುಗಳನ್ನು ಇಮ್ಮಡಿಸಿ 52ರ ಗಿಡ ಮಾಡಿದ. ಅದು ಅಮೆರಿಕನ್ ಹತ್ತಿಯ ಜೊತೆ ಕೂಡಿತು. ಹತ್ತರಿಂದ ಇಪ್ಪತ್ತು ಲಕ್ಷ ವರ್ಷಗಳ ಹಿಂದೆ ತಾನಾಗಿ ನಡೆದದ್ದು ಮನುಷ್ಯನ ಕೈಯಲ್ಲಿ ಮತ್ತೊಮ್ಮೆ ನಡೆಯಿತು. ನ್ಯೂ ಆರ್ಲಿಯನ್ಸಿನಿಂದ ಕುಸುಗಲ್ಲಿಗೆ ಬಂದ ಆ ‘ಪರದೇಶಿ’ ಬೀಜ ಅರ್ಧ ನಮ್ಮ ಕುಮಟಾ ಹತ್ತಿಯ ಬಳಗವೇ ಆಗಿತ್ತು.

ಇನ್ನು ಸಮಯ. ಡಾರ್ವಿನ್‌ನಿಗೆ ಕಡೆಯವರೆಗೂ ಕಾಡಿದ ಚಿಂತೆ ಇದೇ. ಭೂಮಿಯ ವಯಸ್ಸು 2 ಕೋಟಿಯಿಂದ 40 ಕೋಟಿ ವರ್ಷದೊಳಗೆ ಎಂದು 1862ರಲ್ಲಿ ಭೌತವಿಜ್ಞಾನಿ ಕೆಲ್ವಿನ್ ಲೆಕ್ಕ ಹಾಕಿದ್ದ, ಆಮೇಲೆ ಅದನ್ನೂ ಇಳಿಸುತ್ತ ಬಂದ. ಇಷ್ಟೇ ಸಮಯವಾದರೆ ಜೀವವಿಕಾಸಕ್ಕೆ ಸಾಲದು. ಸಿದ್ಧಾಂತ ಬಿದ್ದೇ ಹೋಗಬಹುದಾಗಿದ್ದ ಜಾಗ ಅದು. ಅದೇ ಕಾಲಕ್ಕೆ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ನಮ್ಮ ಭಾಗದಲ್ಲಿ ಕಲ್ಲು ನೋಡುತ್ತ ಅಲೆಯುತ್ತಿದ್ದ. 1880ರ ದಶಕದಲ್ಲಿ ಇಲ್ಲಿನ ಶಿಲೆಗಳಿಗೆ ‘ಧಾರವಾಡ’ ಎಂದೇ ಹೆಸರಿಟ್ಟ. ಇಂದಿಗೂ ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿ ಆ ಹೆಸರಿದೆ. ವಿಕಿರಣದಿಂದ ಕಲ್ಲಿನ ವಯಸ್ಸು ಅಳೆಯುವ ವಿದ್ಯೆ ಬಂದ ಮೇಲೆ ತಿಳಿದದ್ದು, ಧಾರವಾಡ ಶಿಲೆಗಳು 250 ಕೋಟಿ ವರ್ಷಕ್ಕೂ ಹಳೆಯವು. ಕೆಲ್ವಿನ್‌ನ ಲೆಕ್ಕ ಬಿತ್ತು, ಡಾರ್ವಿನ್‌ನಿಗೆ ಬೇಕಾದ ಸಮಯ ಸಿಕ್ಕಿತು. ಅದೇ ಫೂಟ್ ಗೋಕಾಕದ ಹತ್ತಿರ ಸಿಕ್ಕ ಖಡ್ಗಮೃಗದ ಎಲುಬುಗಳನ್ನು 1874ರಲ್ಲಿ ವರ್ಣಿಸಿ, ಅದು ಈಗಿಲ್ಲದ ಜಾತಿಯೆಂದು ಹೆಸರಿಟ್ಟ. ಕರದಂಟಿನ ಊರಿನಲ್ಲಿ ಖಡ್ಗಮೃಗ! ನಮ್ಮ ಯಾವ ಮುತ್ಯಾನೂ ಅದನ್ನು ನೋಡಿಲ್ಲ.

ಕಂಡವರಿಲ್ಲ ಎಂಬುದಕ್ಕೆ ತಾಲ್ಲೂಕು ಕೋರ್ಟಿನ ವರದಿ ಮಾಡಿದ ನಮಗೆ ಇನ್ನೊಂದು ನೆನಪಾಗುತ್ತದೆ. ಕಣ್ಣಾರೆ ಕಂಡ ಸಾಕ್ಷಿ ಕಟಕಟೆಯಲ್ಲಿ ತಿರುಗಿ ಬೀಳುವುದನ್ನು ಎಷ್ಟೋ ಸಲ ಬರೆದಿದ್ದೇವೆ. ಬೆರಳಚ್ಚು, ರಕ್ತದ ಕಲೆ, ಫೋನಿನ ದಾಖಲೆ ತಿರುಗಿ ಬೀಳುವುದಿಲ್ಲ. ಒಂದಕ್ಕೊಂದು ಗೊತ್ತಿಲ್ಲದ ಹತ್ತು ಸಾಕ್ಷಿಗಳು ಒಂದೇ ಕಡೆ ಬೆರಳು ಮಾಡಿದಾಗ ನ್ಯಾಯಾಧೀಶರು ತೀರ್ಪು ಬರೆಯುತ್ತಾರೆ. ಹತ್ತಿಯ ವರ್ಣತಂತು, ಹುಳದ ವಂಶವಾಹಿ, ಗೋಕಾಕದ ಎಲುಬು, ಧಾರವಾಡದ ಕಲ್ಲು, ಇವುಗಳ ತಜ್ಞರು ಒಬ್ಬರನ್ನೊಬ್ಬರು ಕೇಳಿಕೊಂಡು ಸಾಕ್ಷಿ ಹೇಳಿದವರಲ್ಲ. ಜೀವಿಗಳು ಬದಲಾಗುತ್ತ ಬಂದಿವೆ, ಒಂದರಿಂದ ಇನ್ನೊಂದು ಕವಲೊಡೆದಿವೆ ಎಂಬುದು ಈ ಅರ್ಥದಲ್ಲಿ ಸಂಗತಿ. ಹೇಗೆ, ಯಾವ ವೇಗದಲ್ಲಿ, ಆಯ್ಕೆಯ ಪಾಲೆಷ್ಟು ಆಕಸ್ಮಿಕದ ಪಾಲೆಷ್ಟು ಎಂಬುದು ಸಿದ್ಧಾಂತ. ಅಲ್ಲಿ ವಿಜ್ಞಾನಿಗಳು ಇವತ್ತೂ ಜಗಳವಾಡುತ್ತಾರೆ, ಆಡಬೇಕು. ಬೋರ್ಡಿನ ಮೇಲೆ ‘ಸತ್ಯವೋ, ಸಿದ್ಧಾಂತವೋ’ ಎಂದು ಬರೆದದ್ದೇ ತಪ್ಪಾಗಿತ್ತು. ‘ಸಂಗತಿಯೂ ಹೌದು, ಸಿದ್ಧಾಂತವೂ ಹೌದು’ ಎಂದರೆ ಚರ್ಚಾಸ್ಪರ್ಧೆಗೆ ವಿಷಯವೇ ಉಳಿಯುವುದಿಲ್ಲ, ಅದು ಬೇರೆ ಮಾತು.

ಆ ವರ್ಷ ಡಿಸೆಂಬರಿನಲ್ಲಿ ಬೇರೆ ಸುದ್ದಿಗೆ ಹೋದಾಗ ಆ ಶಾಲೆಯ ಪಕ್ಕದ ಹೊಲದಲ್ಲಿ ಹೆಣ್ಣುಮಕ್ಕಳು ಹತ್ತಿ ಬಿಡಿಸುತ್ತಿದ್ದರು. ಸರಿಯಾಗಿ ಅರಳದೆ ಕಲೆಯಾಗಿ ಉಳಿದ ಕಾಯಿಗಳನ್ನು ಬೇರೆ ಚೀಲಕ್ಕೆ ಹಾಕುತ್ತಿದ್ದರು. ಶನಿವಾರ, ಮಧ್ಯಾಹ್ನ ಶಾಲೆ ಬಿಟ್ಟಿತ್ತು. ಬಹುಮಾನ ಗೆದ್ದ ಹುಡುಗನೂ ಅವರ ನಡುವೆ ಇದ್ದ, ಹೊಲ ಅವನ ಮನೆಯವರದೇ ಅಂತೆ. ನಮ್ಮನ್ನು ಗುರುತು ಹಿಡಿದು ಓಡಿ ಬಂದ. ನಾವು ಅಂಥ ಒಂದು ಕಾಯಿ ಕೇಳಿ ಒಡೆಸಿದೆವು. ಒಳಗೆ ಎರಡು ಬೀಜ ಒಂದಕ್ಕೊಂದು ಅಂಟಿ ಕೂತಿದ್ದವು. ಅವನು ಉಗುರಿನಿಂದ ಬಿಡಿಸಿದ. ನಡುವೆ ಗುಲಾಬಿ ಪಟ್ಟೆಯ ಹುಳ ಸುರುಳಿ ಸುತ್ತಿ ಮಲಗಿತ್ತು.

‘ಇದಕ್ಕ ಎಷ್ಟ್ ಸಲ ಹೊಡದೀರಪಾ?’ ಎಂದೆವು.

‘ಆರ ಸಲ ಆತ್ರಿ ಸರ. ಅಪ್ಪ ಅಂತಾನ, ಹುಳಕ್ಕ ರೂಢಿ ಆಗೇತಂತ.’

‘ಹೊಡದಾಗ ಸತ್ತವು ಎಷ್ಟ್ ಇರಬೇಕು?’

ಅವನು ಹುಳವನ್ನೇ ನೋಡುತ್ತ ನಿಂತ. ‘ಸತ್ತಿದ್ದ ಬ್ಯಾರೇನ ಇರಬೇಕಲ್ರಿ ಸರ?’ ಎಂದ. ಅಷ್ಟರಲ್ಲಿ ಅವನ ಅವ್ವ ಕೂಗಿದರು, ಚೀಲ ತುಂಬಿತ್ತು.